ಮನೆಗೊಬ್ಬರು

ನಮ್ಮ ಬಡಾವಣೆಯ ಮೊದಲನೇ ಸಭೆಗೆ ಬಂದವರು ನಾವು ಬೆರಳೆಣಿಕೆಯ ಜನ. ಮಿಕ್ಕಂತೆ ಶಾಮಿಯಾನದ ಅಂಗಡಿಯಿಂದ ಬಾಡಿಗೆಗೆ ತಂದ ಕೆಂಪು ಪ್ಲಾಸ್ಟಿಕ್ ಕುರ್ಚಿಗಳು ಸಾಲಾಗಿ ಕೂತು ನಮ್ಮ ಯಜಮಾನರ ಭಾಷಣ ಕೇಳಿದವು. ಅವರು ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದು ರಿಟೈರಾದವರು. ಮಹದೇವಪ್ರಸಾದ್ ಅಂತ ಹೆಸರು. ನಿಯಮ ಅಂದರೆ ನಿಯಮ. ಕೊನೆಗೆ ಗಂಟಲು ಸರಿಮಾಡಿಕೊಂಡು "ಕೋರಂ ಇಲ್ಲದ ಕಾರಣ ಸಭೆಯನ್ನು ಮುಂದೂಡಲಾಗಿದೆ" ಅಂದರು. ಯಾರಿಗೆ ಹೇಳಿದರೋ, ಕುರ್ಚಿಗಳಂತೂ ತಕರಾರು ತೆಗೆಯಲಿಲ್ಲ.

ಸಭೆ ಕರೆದದ್ದು ನೀರಿಗೋಸ್ಕರ. ಕೊಳ್ಳೇಗಾಲದ ಬೈಪಾಸ್ ಪಕ್ಕದ ಈ ಜಾಗ ಮೊನ್ನೆ ಮೊನ್ನೆಯವರೆಗೂ ಭತ್ತದ ಗದ್ದೆ. ಈಗ ಸೈಟು, ಸೈಟಿನ ಮೇಲೆ ಮನೆ, ಮನೆ ಮುಂದೆ ನೀರಿನ ಟ್ಯಾಂಕರಿಗೆ ಕಾಯುವ ಬಿಂದಿಗೆ. ಕುಡಿಯುವ ನೀರಿನ ಪೈಪು ದೊಡ್ಡ ರಸ್ತೆವರೆಗೆ ಬಂದು ಅಲ್ಲೇ ನಿಂತಿದೆ. ಒಬ್ಬೊಬ್ಬರೇ ಬಂದು ಕೇಳಿದರೆ ಆಗುವುದಿಲ್ಲ, ಬಡಾವಣೆಯವರೆಲ್ಲ ಸೇರಿ ಒಂದು ಸಮಿತಿ ಮಾಡಿಕೊಂಡು ಬನ್ನಿ ಅಂತ ನಗರಸಭೆ ಆಫೀಸಿನಲ್ಲಿ ಹೇಳಿ ಕಳಿಸಿದ್ದರು. ನಮ್ಮ ಯಜಮಾನರು ಅಂದೇ ವಾಟ್ಸಾಪ್ ಗುಂಪು ಮಾಡಿ, ಸಭೆಯ ದಿನ, ಸ್ಥಳ, ವಿಷಯ ಎಲ್ಲ ಹಾಕಿದರು. ಎಲ್ಲರೂ ಹೆಬ್ಬೆರಳು ಎತ್ತಿದರು, ಕೈ ಮುಗಿದರು, ಒಬ್ಬಾಕೆ ಗುಲಾಬಿ ಹೂವನ್ನೂ ಹಾಕಿದಳು. ಬರಲಿಲ್ಲ ಅಷ್ಟೆ.

ನನಗೆ ಮೈ ಉರಿದು ಹೋಯಿತು. ಮಾರನೆಯ ದಿನ ಎರಡನೇ ಕ್ರಾಸಿನ ಚನ್ನಾಜಮ್ಮನನ್ನು ಹಿಡಿದು ಕೇಳಿಯೇಬಿಟ್ಟೆ. ಆಕೆ ಯಳಂದೂರಿನ ಕಡೆಯವಳು, ಮನಸ್ಸಿನಲ್ಲಿ ಇಟ್ಟುಕೊಳ್ಳುವ ಜಾಯಮಾನ ಅಲ್ಲ.

"ಯಾರು ಕರುದ್ರು ರತ್ನಮ್ಮ? ಫೋನು ಟಿಣಿಕ್ ಅಂತು. ಟಿಣಿಕ್ ಅಂದಿದ್ಕೆಲ್ಲ ಎದ್ದು ಓಗಕಾಯ್ತದಾ?"

ಅಜ್ಜೀಪುರದ ಕಡೆಯವರೂ ಅದನ್ನೇ ಅಂದರು. ಮಾರ್ಟಳ್ಳಿಯಿಂದ ಬಂದು ಮನೆ ಕಟ್ಟಿಸಿದ ದಂಪತಿ ಅರ್ಧ ತಮಿಳಿನಲ್ಲಿ ಅದನ್ನೇ ಅಂದರು. ನಮ್ಮನ್ನು ಯಾರೂ ಕರೆಯಲಿಲ್ಲ. ನಾನು ಬೈಯಬೇಕೆಂದು ಹೋದವಳು ಸುಮ್ಮನೆ ವಾಪಸ್ಸು ಬಂದೆ, ಯಾಕೆಂದರೆ ಒಳಗೊಳಗೇ ಅವರು ಹೇಳಿದ್ದು ಸರಿ ಅನ್ನಿಸಿತ್ತು. ಹೋದ ವರ್ಷ ನನ್ನ ಸ್ವಂತ ಚಿಕ್ಕಪ್ಪನ ಮೊಮ್ಮಗಳ ಮದುವೆಗೆ ನಾನು ಹೋಗಿರಲಿಲ್ಲ. ಫೋನಿನಲ್ಲಿ ಕಾರ್ಡು ಕಳಿಸಿದ್ದರು. ಬಾಗಿಲಿಗೆ ಬಂದು ಕುಂಕುಮ ಇಟ್ಟು ಕರೆಯದ ಮದುವೆಗೆ ಹೇಗೆ ಹೋಗುವುದು?

ನಮ್ಮೂರಿನಲ್ಲಿ ಕರೆಯುವುದು ಅಂದರೆ ಕರೆಯುವುದು. ಹೊನ್ನೂರು ದಾಟಿ ಸ್ವಲ್ಪ ಒಳಗೆ ಹೋದರೆ ನಮ್ಮೂರು. ಒಂದು ಕಡೆ ಕಬ್ಬು, ಒಂದು ಕಡೆ ಭತ್ತ, ದೂರಕ್ಕೆ ಬಿಳಿಗಿರಿರಂಗನ ಬೆಟ್ಟ. ನಾನು ಲಂಗ ಹಾಕಿಕೊಂಡು ಓಡಾಡುತ್ತಿದ್ದ ಕಾಲ. ದೀಪ ಹಚ್ಚುವ ಹೊತ್ತಿಗೆ ಅಪ್ಪ ಜಗುಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರೆ ಅವ್ವ ಒಳಗೆ ಹಿಟ್ಟು ತೊಳಸುತ್ತಿದ್ದಳು. ಆಗ ಬೀದಿಯ ಕೆಳಗಿನಿಂದ ತಮಟೆ ಎರಡು ಸಲ ಕೇಳುತ್ತಿತ್ತು. ಆಮೇಲೆ ಊರಿಗೆ ಸಾರುತ್ತಿದ್ದ ಕೆಂಪನ ಕೂಗು.

"ಕೇಳ್ರಪ್ಪೋ... ನಾಳಿಕ್ ವತ್ತಾರೆ ಮಾರಮ್ಮನ ಕಟ್ಟೆ ತಾವು ಕೂಟಾ... ಮನೆಗೊಬ್ರು ಬರ್ಬೇಕ್ರಪ್ಪೋ..."

ಎಂಥ ಕಂಠ ಅಂತೀರಿ. ಆ ಕೊನೆಯ 'ಪ್ಪೋ' ತೆಂಗಿನ ತೋಟ ದಾಟಿ ಸುವರ್ಣಾವತಿ ಹೊಳೆಯವರೆಗೆ ಹೋಗುತ್ತಿತ್ತು. ಅವ್ವ ಹಿಟ್ಟಿನ ಕೋಲು ಹಿಡಿದುಕೊಂಡೇ ಕಿವಿಗೊಡುತ್ತಿದ್ದಳು. ಅಪ್ಪ ಜಗುಲಿಯಿಂದಲೇ "ಊಂ ಕಣ್ಲಾ" ಅನ್ನುತ್ತಿದ್ದರು. ಬೆಳಿಗ್ಗೆ ಕಟ್ಟೆಯ ಮೇಲೆ ಊರ ಯಜಮಾನರು ಒಂದೊಂದೇ ಮನೆ ಕೂಗುತ್ತಿದ್ದರು. ಅವರು ಕೂಗಿದ ಹಾಗೆಲ್ಲ ಮನೆಗೊಬ್ಬರು ಎದ್ದು ನಿಂತು, ಮನೆ ಹಿರಿಯನ ಹೆಸರು ಹೇಳಿ, "ಇಂಥೋರ ಮನೆ, ಬಂದಿವ್ನಿ" ಅನ್ನಬೇಕು. ತಾತ ಸತ್ತು ವರ್ಷಗಳಾಗಿದ್ದರೂ ಅಪ್ಪ ಹೇಳುತ್ತಿದ್ದದ್ದು ತಾತನ ಹೆಸರನ್ನೇ. ನಾನು ಕಟ್ಟೆಯ ಪಕ್ಕದ ಬೇವಿನ ಮರದ ಹತ್ತಿರ ನಿಂತು ನಮ್ಮ ಮನೆಯ ಸರದಿ ಬರುವುದನ್ನೇ ಕಾಯುತ್ತಿದ್ದೆ. ತಾತನ ಹೆಸರು ಕೇಳಿದಾಗ ನಾವು ಈ ಊರಿನವರು ಅಂತ ಹೊಟ್ಟೆ ತುಂಬಿದ ಹಾಗಾಗುತ್ತಿತ್ತು. ಈ ಬಡಾವಣೆಗೆ ಬಂದು ಆರು ವರ್ಷ ಆಯಿತು, ಆ ಒಂದು ಸಮಾಧಾನ ಇಲ್ಲಿ ಸಿಕ್ಕಿಲ್ಲ.

ಕೆಂಪನ ಮಗ ಪುಟ್ಟಸಿದ್ದಯ್ಯನವರು ನಮ್ಮ ಪಕ್ಕದ ಮನೆಯವರು. ದೇವರು ಹೀಗೂ ಮಾಡುತ್ತಾನೆ ನೋಡಿ, ಒಂದೇ ಊರಿನ ಎರಡು ತುದಿಯವರನ್ನು ಇಲ್ಲಿ ತಂದು ಒಂದೇ ಕಾಂಪೌಂಡು ಗೋಡೆಗೆ ಅಂಟಿಸಿದ. ಅವರು ಹನೂರಿನ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದವರು. ಇಸ್ತ್ರಿ ಮಾಡಿದ ಅಂಗಿ ಇಲ್ಲದೆ ಗೇಟಿಗೂ ಬರುವುದಿಲ್ಲ. ಮೊದಲನೇ ಕ್ರಾಸಿನ ಮೊದಲನೇ ಸೈಟನ್ನೇ ಹುಡುಕಿ ಕೊಂಡವರು. ಗೃಹಪ್ರವೇಶದ ದಿನ ನನಗೆ ಹೇಳಿದ್ದು ಇನ್ನೂ ನೆನಪಿದೆ.

"ಈ ಜಾಗ ಯಾಕೆ ಇಡುಸ್ತು ಗೊತ್ತಾ ಶಿವರತ್ನಮ್ನೋರೆ? ಇಲ್ಲಿ ಆ ಬೀದಿ ಈ ಬೀದಿ ಅಂತಿಲ್ಲ. ಒಂದ್ನೇ ಕ್ರಾಸು, ಎರಡ್ನೇ ಕ್ರಾಸು. ಅಷ್ಟೇಯ."

ಅವರ ತಾಯಿ ಚಿಕ್ಕನಿಂಗಮ್ಮ ಕರಿಬೇವಿಗೆ ಅಂತ ನಮ್ಮ ಮನೆಗೆ ಬರುತ್ತಿದ್ದರು. ಮೊದಮೊದಲು ಗೇಟಿನ ಆಚೆಯೇ ನಿಂತು "ಅಮ್ಮಾರೇ" ಅನ್ನುತ್ತಿದ್ದರು. ನಾನು ಬೈದೂ ಬೈದೂ ಗೇಟಿನ ಒಳಗೆ ತಂದೆ, ಇನ್ನಷ್ಟು ಬೈದು ಮೆಟ್ಟಿಲ ಮೇಲೆ ಕೂರಿಸಿದೆ. ಆಮೇಲೆ ಊರಿನ ಮಾತು ಶುರುವಾದರೆ ಕಾಫಿ ಆರಿದ್ದೂ ಗೊತ್ತಾಗುತ್ತಿರಲಿಲ್ಲ. ಹೊಳೆ ತುಂಬಿ ಬಂದ ವರ್ಷ, ಆಲೆಮನೆಯ ಬೆಲ್ಲ, ಹುಣಸೆ ಬಡಿಯುವಾಗಿನ ಜಗಳ. ಗಂಡನ ಸುದ್ದಿ ಬಂದರೆ ಮಾತ್ರ "ನಮ್ಮ ಸಿದ್ದನ ಅಪ್ಪ" ಅನ್ನುತ್ತಿದ್ದರು. ಆ ಕಾಲದ ಹೆಂಗಸು, ಗಂಡ ತೀರಿಕೊಂಡು ಎಷ್ಟೋ ವರ್ಷವಾದರೂ ಹೆಸರು ಹೇಳಿದ್ದನ್ನು ನಾನು ಕೇಳಿಲ್ಲ.

ಎರಡನೇ ಸಭೆಗೂ ಅದೇ ಗತಿಯಾದ ಮೇಲೆ ಏನು ಮಾಡುವುದೆಂದು ನಾವು ಕೆಲವರು ನಮ್ಮ ಮನೆಯ ಹಜಾರದಲ್ಲಿ ಸೇರಿದೆವು. ಯಜಮಾನರು, ಪುಟ್ಟಸಿದ್ದಯ್ಯನವರು, ಚನ್ನಾಜಮ್ಮ, ಮತ್ತೆ ಚಿಕ್ಕಮಾದಪ್ಪನವರು. ಈ ಚಿಕ್ಕಮಾದಪ್ಪನವರು ಅಜ್ಜೀಪುರದ ಕಡೆ ಜಮೀನಿದ್ದು, ಇಲ್ಲಿ ಬೆಲ್ಲದ ಮಂಡಿ ನಡೆಸಿದ ಹಿರಿಯರು. ಒಳ್ಳೆಯ ಮನುಷ್ಯರೇ, ಆದರೆ ಬಾಯಿಗೂ ಯೋಚನೆಗೂ ನಡುವೆ ಬಾಗಿಲು ಹಾಕಿಸಿಲ್ಲ.

ನಾನು ಕಾಫಿ ಕೊಡುತ್ತಾ ಸುಮ್ಮನಿರಬಹುದಿತ್ತು. ಇರಲಿಲ್ಲ. ಫೋನಿನಲ್ಲಿ ಕರೆದರೆ ಯಾರೂ ಬರುವುದಿಲ್ಲ, ನಮ್ಮೂರಿನಲ್ಲಿ ಕರೆಯುತ್ತಿದ್ದ ಹಾಗೆ ಕರೆಯಬೇಕು ಅಂದೆ. ಅಷ್ಟಕ್ಕೇ ನಿಲ್ಲಿಸದೆ ಪುಟ್ಟಸಿದ್ದಯ್ಯನವರ ಕಡೆ ತಿರುಗಿ, "ನಿಮ್ಮಪ್ಪನ ಕೂಗು ನಂಗೆ ಇನ್ನೂ ಕಿವೀಲೇ ಅದೆ" ಅಂತ ಕಟ್ಟೆ, ತಮಟೆ, ತೆಂಗಿನ ತೋಟ ಎಲ್ಲ ವರ್ಣಿಸಿದೆ. ಹೇಳುತ್ತಾ ಹೇಳುತ್ತಾ ನನ್ನ ಕಣ್ಣೇ ಒದ್ದೆಯಾಯಿತು. ಅವರು ಲೋಟ ಹಿಡಿದುಕೊಂಡು ಕೇಳುತ್ತಿದ್ದರು.

ಚಿಕ್ಕಮಾದಪ್ಪನವರಿಗೆ ತುಂಬ ಹಿಡಿಸಿತು. ತೊಡೆ ತಟ್ಟಿಕೊಂಡು, "ಅಂಗಾರೆ ಇನ್ನೇನು? ಮಗ ಇಲ್ಲೇ ಅವ್ರಲ್ಲ. ಪುಟ್ಟಸಿದ್ದಯ್ಯನೋರು ಒಂದು ಸುತ್ತು ಕೂಗ್ಕಂಡು ಬಂದ್ಬುಟ್ರೆ ಆಯ್ತು. ಮನೆತನದಿಂದ ಬಂದಿರ ವಿದ್ಯೆ, ಎಲ್ಲೋದದು" ಅಂದರು.

ಹಜಾರದಲ್ಲಿ ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಅದೇ ನನಗೆ ಈಗಲೂ ಹೊಟ್ಟೆ ಉರಿಯುವ ವಿಷಯ. ನಮ್ಮ ಯಜಮಾನರು ತಲೆದೂಗಿದರು. ಚನ್ನಾಜಮ್ಮ ನಕ್ಕಳು. ಪುಟ್ಟಸಿದ್ದಯ್ಯನವರು ಲೋಟವನ್ನು ಟೀಪಾಯಿಯ ಮೇಲೆ ಇಟ್ಟರು.

"ನಮ್ಮಪ್ಪ ಚೆನ್ನಾಗೇ ಕೂಗ್ತಿದ್ದ" ಅಂದರು. "ಮನೆಗೊಬ್ರು ಬರ್ಬೇಕು ಅಂತ ಇಡೀ ಊರ್ನೇ ಕರೀತಿದ್ದ. ಆ ಮನೆಗಳ ಲೆಕ್ಕದಲ್ಲಿ ನಮ್ಮನೆ ಇರ್ನಿಲ್ಲ. ಎಲ್ಲಾರ್ನೂ ಕರುದ್ಬುಟ್ಟು ತಾನು ಕಟ್ಟೆ ಇಂದ್ಗಡೆ ನಿಂತ್ಕತಿದ್ದ. ನಾನು ಇಲ್ಲಿಗೆ ಬಂದಿರದು ಮನೆ ಕಟ್ಕಂಡು ಇರಕೆ, ಚಿಕ್ಕಮಾದಪ್ಪನೋರೆ. ಕೂಗಕಲ್ಲ."

ದನಿ ಏರಲಿಲ್ಲ. ಎದ್ದು ಚಪ್ಪಲಿ ಹಾಕಿಕೊಂಡರು. ಬಾಗಿಲ ಹತ್ತಿರ ನಿಂತು, "ನೀರಿನ ಅರ್ಜಿ ಬರ್ಕೊಡ್ತೀನಿ, ಅದ್ಕೇನಿಲ್ಲ. ಸಮಿತೀಲಿ ನನ್ನೆಸ್ರು ಬ್ಯಾಡ, ತೆಗುದ್ಬುಡಿ" ಅಂತ ಹೇಳಿ ಹೋದರು.

ಚಿಕ್ಕಮಾದಪ್ಪನವರು "ನಾ ಏನಂದೆ? ಮರ್ವಾದಿಯಾಗೇ ತಾನೇ ಏಳಿದ್ದು" ಅಂತ ಎಲ್ಲರ ಮುಖ ನೋಡಿದರು. ಅವರೆಲ್ಲ ಹೋದ ಮೇಲೆ ನಮ್ಮ ಯಜಮಾನರೂ ಅದೇ ರಾಗ ಎಳೆದರು. ಗೌರವದಿಂದ ಕೇಳಿದ್ದಲ್ಲವೇ, ಇಷ್ಟಕ್ಕೆಲ್ಲ ಬೇಜಾರು ಮಾಡಿಕೊಂಡರೆ ಹೇಗೆ ಅಂದರು.

"ಅಷ್ಟು ಗೌರವದ ಕೆಲ್ಸ ಆದ್ರೆ ನೀವೇ ಓಗಿ ಕೂಗಿ" ಅಂದೆ. ಅವರು ಪೇಪರು ಬಿಡಿಸಿಕೊಂಡು ಅದರ ಹಿಂದೆ ಹೋದರು.

ಆ ವಾರವೆಲ್ಲ ಪಕ್ಕದ ಮನೆಯ ಗೇಟು ಮುಚ್ಚಿಯೇ ಇತ್ತು. ಚಿಕ್ಕನಿಂಗಮ್ಮ ಕರಿಬೇವಿಗೆ ಬರಲಿಲ್ಲ. ಗಿಡ ಕಾಂಪೌಂಡಿನ ಮೇಲೆ ಬಾಗಿ ಅವರ ಕಡೆಗೇ ಇಳಿದಿತ್ತು, ಅದನ್ನೂ ಕಿತ್ತುಕೊಂಡಿರಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತು ನಮ್ಮೂರನ್ನು ಮತ್ತೆ ನೆನೆಸಿಕೊಂಡೆ. ಅದೇ ಬೀದಿ, ಅದೇ ಜಗುಲಿ. ಆದರೆ ಈ ಸಲ ಕೂಗಿನ ಬದಲು ಕೂಗಿದವನನ್ನು ಹುಡುಕಿದೆ. ಅವನು ನಮ್ಮ ಜಗುಲಿಯ ಹತ್ತಿರ ಯಾವತ್ತೂ ಬಂದಿರಲಿಲ್ಲ. ಚರಂಡಿಯ ಆಚೆ ನಿಲ್ಲುತ್ತಿದ್ದ. ಬಿಳಿ ಕೂದಲಿನ ಮನುಷ್ಯ, ನಾನು ಮೊಣಕಾಲುದ್ದದ ಹುಡುಗಿ, "ಲೋ ಕೆಂಪ, ಇನ್ನೊಂದ್ಸಲ ಕೂಗ್ಲಾ" ಅನ್ನುತ್ತಿದ್ದೆ. ಅವನು ನಗುತ್ತಾ ಕೂಗುತ್ತಿದ್ದ. ಬೆಳಿಗ್ಗೆ ಕಟ್ಟೆಯ ಮೇಲೆ ಮನೆಗಳನ್ನು ಕೂಗುವಾಗ ಹಿಂದೆ ಬಿಸಿಲಿನಲ್ಲಿ ತಮಟೆ ಕಂಕುಳಲ್ಲಿ ಇಟ್ಟುಕೊಂಡು ನಿಂತಿರುತ್ತಿದ್ದ. ನಾನು ನೋಡಿದ್ದೆ. ಇಷ್ಟು ವರ್ಷ ನೆನಪು ಮಾಡಿಕೊಂಡು ಸುಖಪಟ್ಟಾಗಲೆಲ್ಲ ಅದೊಂದನ್ನು ಬಿಟ್ಟು ನೆನೆದಿದ್ದೆ.

ನೀರಿಲ್ಲದಿದ್ದರೆ ಟ್ಯಾಂಕರು ಬರುತ್ತದೆ. ಆ ಮನೆ ನಮ್ಮಿಂದ ದೂರವಾಗಿಬಿಟ್ಟರೆ ಅದರ ಬದಲಿಗೆ ಏನು ಬರುತ್ತದೆ ಅಂತ ನನಗೆ ಭಯವಾಯಿತು. ಮೊದಲನೇ ಕ್ರಾಸಿನ ಮೊದಲನೇ ಮನೆಯನ್ನು ಬಿಟ್ಟು ಎರಡನೆಯದರಿಂದ ಶುರುವಾಗುವ ಸಮಿತಿಗೂ ನಮ್ಮೂರಿನ ಕಟ್ಟೆಗೂ ಏನು ವ್ಯತ್ಯಾಸ?

ಶನಿವಾರ ಸಂಜೆ ತಲೆ ಬಾಚಿಕೊಂಡು ಒಳ್ಳೆಯ ಸೀರೆ ಉಟ್ಟೆ.

"ಎಲ್ಲಿಗೆ?" ಅಂದರು ಯಜಮಾನರು.

"ಕೂಗಕೆ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಹೆಂಗಸು ಬೀದಿ ಬೀದಿ ಕೂಗ್ಕೊಂಡು ಹೋಗೋದಾ? ಜನ ಏನಂತಾರೆ?"

"ಬತ್ತೀವಿ ಅಂತಾರೆ" ಅಂದೆ. "ಈ ಸಲ ನಮ್ಮನೆ ಸರದಿ. ಮುಂದಿನ ಕೂಟಕ್ಕೆ ಚಿಕ್ಕಮಾದಪ್ಪನೋರ ಮನೇದು, ಆಮೇಲೆ ಚನ್ನಾಜಮ್ಮನ ಮನೇದು. ಕ್ರಾಸು ಸುತ್ತ್ಕಂಡು ಬರ್ಲಿ. ನಿಯಮ ಬೇಕಾದ್ರೆ ಬರ್ಕಳಿ."

ಮೊದಲು ಪಕ್ಕದ ಮನೆಗೇ ಹೋದೆ. ಗೇಟಿನ ಹತ್ತಿರ ನಿಂತೆ. ಅಲ್ಲಿಂದಲೇ ಕೂಗಿ ಮುಂದೆ ಹೋಗಿಬಿಡೋಣ ಅಂತಲೂ ಅನ್ನಿಸಿತು. ಚಿಲಕ ತೆಗೆದು ಒಳಗೆ ಹೋದೆ, ಮೆಟ್ಟಿಲು ಹತ್ತಿ ಬಾಗಿಲ ಮುಂದೆಯೇ ನಿಂತೆ. ನಾನು ಅಂದುಕೊಂಡದ್ದಕ್ಕಿಂತ ಸಣ್ಣ ದನಿ ಹೊರಟಿತು.

"ನಾಳೆ ಸಾಯಂಕಾಲ ಪಾರ್ಕಿನ ಸೈಟ್ ತಾವು ಕೂಟ. ಮನೆಗೊಬ್ರು ಬರ್ಬೇಕು."

ಪುಟ್ಟಸಿದ್ದಯ್ಯನವರು ಬಂದರು. ಬನಿಯನ್ನಿನಲ್ಲಿದ್ದರು, ಅಂಗಿ ಹಾಕಿಕೊಳ್ಳಲು ಹೊತ್ತು ಸಿಕ್ಕಿರಲಿಲ್ಲ.

"ನೀವ್ಯಾಕೆ..." ಅಂದರು.

"ನಮ್ಮನೆ ಸರದಿ."

ಒಳಗಿನ ಕೋಣೆಯಿಂದ ಚಿಕ್ಕನಿಂಗಮ್ಮನ ದನಿ ಬಂತು. "ಯಾರ್ಲಾ ಅದು?"

"ಪಕ್ಕದ್ ಮನೆ ರತ್ನಮ್ನೋರು ಕಣವ್ವ. ಕೂಟಕ್ಕೆ ಕರೀತಾವ್ರೆ."

"ಯಾರ್ನ?"

ಅವರು ಒಳಕ್ಕೆ ತಿರುಗಿ ಹೇಳಿದರು. "ನಮ್ಮುನ್ನೇಯ."

ನಾನು ಹೊರಡೋಣ ಅಂತ ತಿರುಗಿದೆ. ಆಗ ಮತ್ತೆ ಆ ದನಿ.

"ಇನ್ನೊಂದ್ಸತಿ ಕೂಗವ್ವಾ. ಕೇಳುನ."

ಕೂಗಿದೆ. ಈ ಸಲ ಹೊಟ್ಟೆಯೊಳಗಿಂದ ಕೂಗಿದೆ, ರಸ್ತೆಯಲ್ಲಿ ಸೊಪ್ಪು ಮಾರುತ್ತಿದ್ದವನು ತಿರುಗಿ ನೋಡಿದ. ಪುಟ್ಟಸಿದ್ದಯ್ಯನವರು "ಆಯ್ತು, ನೋಡುಮ" ಅಂದರು. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. ಅಲ್ಲಿಂದ ಹೊರಟವಳು ಒಂದು ಮನೆಯನ್ನೂ ಬಿಡದೆ ಕರೆದೆ. ಚನ್ನಾಜಮ್ಮ ಅರ್ಧ ದಾರಿಯಲ್ಲಿ ಜೊತೆಗೆ ಸೇರಿಕೊಂಡಳು. ಚಿಕ್ಕಮಾದಪ್ಪನವರ ಮನೆ ಮುಂದೆ, ಮುಂದಿನ ಸರದಿ ನಿಮ್ಮದು ಅಂತ ಸೇರಿಸಿ ಕೂಗಿದೆ. ಅವರು ಬಾಗಿಲಲ್ಲಿ ನಿಂತು ತುಂಬ ಹೊತ್ತು ಗಡ್ಡ ಕೆರೆದುಕೊಂಡರು. ಮನೆಗೆ ಬಂದಾಗ ನನ್ನ ಗಂಟಲು ಕಟ್ಟಿತ್ತು, ಯಜಮಾನರು ಬಿಸಿನೀರು ಕಾಯಿಸಿ ಇಟ್ಟಿದ್ದರು.

ಭಾನುವಾರ ಕುರ್ಚಿಗಳು ಸಾಲಲಿಲ್ಲ. ಜನ ಮನೆಯಿಂದ ಸ್ಟೂಲು ತಂದರು, ಕೆಲವರು ಕಲ್ಲಿನ ಮೇಲೆ ಕೂತರು. ಕರೆದಿದ್ದಾರೆ, ಬಂದಿದ್ದೇವೆ ಅನ್ನುವ ಒಂದು ಗತ್ತು ಎಲ್ಲರ ಮುಖದಲ್ಲೂ ಇತ್ತು. ನಾನು ಹೇಳಿದ್ದಕ್ಕೆ ಯಜಮಾನರು ಹಾಜರಿ ಪುಸ್ತಕ ಮುಚ್ಚಿಟ್ಟು, ನಮ್ಮೂರಿನಂತೆಯೇ ಮನೆ ಕೂಗುವುದಕ್ಕೆ ಒಪ್ಪಿದ್ದರು. ಹಿರಿಯರ ಹೆಸರು ಹೇಳುವ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ಮಾರ್ಟಳ್ಳಿಯವರೂ ಹೂಂ ಅಂದರು. ನನ್ನ ಕಣ್ಣು ಮಾತ್ರ ಮೊದಲನೇ ಕ್ರಾಸಿನ ಮೂಲೆಯ ಮೇಲೇ ಇತ್ತು. ಪುಟ್ಟಸಿದ್ದಯ್ಯನವರ ಸುಳಿವಿಲ್ಲ.

ಯಜಮಾನರು ವಾಚು ನೋಡಿಕೊಂಡರು. ಇನ್ನು ಶುರು ಮಾಡೋಣ ಅಂತ ಎದ್ದು ನಿಂತರು.

ಆಗ ಚಿಕ್ಕನಿಂಗಮ್ಮ ಬಂದರು. ಪೆಟ್ಟಿಗೆಯಿಂದ ತೆಗೆದ ಸೀರೆ, ಮಡಿಕೆಯ ಗೆರೆಗಳು ಇನ್ನೂ ಹಾಗೇ ಇದ್ದವು. ಕೋಲು ಊರಿಕೊಂಡು ನಿಧಾನವಾಗಿ ಬಂದು, ಕುರ್ಚಿಗಳ ಸಾಲು ಮುಗಿಯುವ ಕಡೆ, ಎಲ್ಲರ ಹಿಂದೆ ನಿಂತುಕೊಂಡರು.

"ಪುಟ್ಟಸಿದ್ದಯ್ಯನವರು ಬರಲಿಲ್ವಾ ಅಮ್ಮ?" ಅಂತ ಯಜಮಾನರು ಕೇಳಿದರು.

"ಮನೆಗೊಬ್ರು ಅಂದ್ರಲ್ಲ. ನಾನೇ ಬತ್ತೀನಿ ಕಣ್ಲಾ ಅಂದೆ" ಅಂದರು ಚಿಕ್ಕನಿಂಗಮ್ಮ.

ಮುಂದಿನ ಸಾಲಿನಲ್ಲಿದ್ದ ಚಿಕ್ಕಮಾದಪ್ಪನವರು ತಿರುಗಿ ನೋಡಿದರು. ಆಮೇಲೆ ಮಂಡಿ ಹಿಡಿದುಕೊಂಡು ಎದ್ದರು. ತಮ್ಮ ಕುರ್ಚಿಯನ್ನು ಪಂಚೆಯ ತುದಿಯಿಂದ ಒಮ್ಮೆ ಒರೆಸಿ, "ಅಲ್ಲ್ಯಾಕೆ ನಿಂತ್ರಿ? ಮುಂದಕ್ ಬನ್ನಿ, ಕುಂತ್ಕಳಿ" ಅಂದರು. ಚಿಕ್ಕನಿಂಗಮ್ಮ ನನ್ನ ಕಡೆ ನೋಡಿದರು. ನಾನು ಹೋಗಿ ಕೈ ಹಿಡಿದುಕೊಂಡು ಬಂದು ಕೂರಿಸಿದೆ. ಚಿಕ್ಕಮಾದಪ್ಪನವರು ಹಿಂದೆ ಹೋಗಿ ನಿಂತರು.

ಯಜಮಾನರು ಗಂಟಲು ಸರಿಮಾಡಿಕೊಂಡರು.

"ಒಂದನೇ ಕ್ರಾಸು. ಮೊದಲನೇ ಮನೆ."

ಚಿಕ್ಕನಿಂಗಮ್ಮ ಕೋಲು ಊರಿ ಎದ್ದರು. ಸೆರಗು ಸರಿಮಾಡಿಕೊಂಡರು. ಮಗನ ಹೆಸರು ಹೇಳುತ್ತಾರೆ ಅಂತ ನಾನು ಅಂದುಕೊಂಡಿದ್ದೆ, ಎಲ್ಲರೂ ಹಾಗೇ ಅಂದುಕೊಂಡಿದ್ದರು.

"ಕೆಂಪಯ್ಯನೋರ ಮನೆ" ಅಂದರು. "ಬಂದಿವ್ನಿ."

ಆ ಮುದುಕಿಯಲ್ಲಿ ಅಷ್ಟು ದೊಡ್ಡ ದನಿ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕ್ರಾಸಿನ ಮೂಲೆಯ ಗೇಟಿನಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಯಾವಾಗಲೋ ಬಂದು ನಿಂತಿದ್ದ ಪುಟ್ಟಸಿದ್ದಯ್ಯನವರಿಗೂ ಅದು ಕೇಳಿಸಿರಬೇಕು. ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ಚಿಕ್ಕನಿಂಗಮ್ಮ ಕೂತರು. ಯಜಮಾನರು ಎರಡನೇ ಮನೆ ಕೂಗಿದರು. ಅದು ನಮ್ಮದೇ. ಅವರು ಮುಂದೆ ನಿಂತು ಕೂಗುತ್ತಿದ್ದರಿಂದ ಉತ್ತರ ಕೊಡಬೇಕಾದವಳು ನಾನು. ನಿನ್ನೆ ಇಡೀ ಬಡಾವಣೆಯನ್ನು ಕೂಗಿ ಕರೆದ ನನಗೆ, ಎದ್ದು ನಿಂತು, ಸೊಸೆಯಾಗಿ ಯಾವತ್ತೂ ಬಾಯಲ್ಲಿ ಆಡದ ನಮ್ಮ ಮಾವನವರ ಹೆಸರು ಹೇಳಲು ದನಿಯೇ ಬರಲಿಲ್ಲ. ಚಿಕ್ಕನಿಂಗಮ್ಮ ಪಕ್ಕದಿಂದ ನನ್ನ ಮೊಣಕೈ ತಟ್ಟಿ, "ಕೂಗವ್ವಾ, ನಿಮ್ಮನೆ ಸರದಿ" ಅಂದರು.